ಕರಡಿ ಕುಣಿಯುವುದಿಲ್ಲ

ಪ್ರಿಯ ಕಥೆಗಾರರೇ,

ನಿಮ್ಮ ‘ಕಣ್ಣೀರಿನ ಕುಣಿತ’ ಕೈಸೇರಿತು. ಜಾತ್ರೆಯಲ್ಲಿ ಆಡುವ ರಾಣಿ ಎಂಬ ಹೆಣ್ಣು ಕರಡಿ, ಅದನ್ನು ಕಂಡು ಮರುಗುವ ಹತ್ತು ವರ್ಷದ ಹುಡುಗ, ಒಂದು ರಾತ್ರಿ ಅವನು ಹಗ್ಗ ಕತ್ತರಿಸಿ ಅದನ್ನು ಕಾಡಿಗೆ ಬಿಡುವುದು, ಇಷ್ಟು ಕಥೆ. ಭಾಷೆ ತೊಡಕಿಲ್ಲದೆ ಸಾಗುತ್ತದೆ, ಮಾತುಕತೆ ಸಹಜವಾಗಿದೆ, ಕಾಗುಣಿತದ ತಪ್ಪಿಲ್ಲ. ಮಗುವಿನ ಜ್ವರಕ್ಕೆಂದು ಹೆಂಗಸೊಬ್ಬಳು ಕರಡಿ ಕೂದಲಿನ ತಾಯಿತ ಕೊಳ್ಳುವ ಅರ್ಧ ಪುಟವಂತೂ ಚೆನ್ನಾಗಿದೆ. ಹೊಗಳಿಕೆ ಮುಗಿಯಿತು.

ಕಥೆ ಬರೀ ಸಪ್ಪೆಯಾಗಿದ್ದರೆ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಆದರೆ ಇದು ಎರಡು ಸಲ ಓದಿಸಿಕೊಂಡಿತು. ಎರಡನೇ ಸಲಕ್ಕೆ ಸಿಟ್ಟು ಬಂತು. ಕರಡಿಯ ಪರವಾಗಿ ನಿಂತಿದ್ದೇನೆ ಎಂದುಕೊಂಡು ನೀವು ಅದನ್ನು ಕುಣಿಸುವವನ ಮಾತನ್ನೇ ಬರೆದಿದ್ದೀರಿ. ಎಲ್ಲಿ ಎಂದು ತೋರಿಸುತ್ತೇನೆ.

ಮೊದಲ ಪುಟ, ಆರನೇ ಸಾಲು: ‘ಡಮರುಗದ ನಾದಕ್ಕೆ ಮೈಮರೆತು ರಾಣಿ ಎರಡು ಕಾಲ ಮೇಲೆ ನಿಂತು ಕುಣಿಯತೊಡಗಿದಳು.’

‘ಕುಣಿಯತೊಡಗಿದಳು’ ಎಂಬ ಕ್ರಿಯಾಪದವೇ ಸುಳ್ಳು. ಊರ ಜನ ಏನೆನ್ನುತ್ತಿದ್ದರು ನೆನಪಿಸಿಕೊಳ್ಳಿ: ‘ಕರಡಿ ಕುಣಿಸೋನು ಬಂದ’, ‘ಕರಡಿ ಆಡಿಸೋನು ಬಂದ’. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಆ ‘ಇಸು’ ತಪ್ಪುತ್ತಿರಲಿಲ್ಲ. ಕುಣಿತ ಯಾರ ಕೈಯಲ್ಲಿದೆ ಎಂಬುದು ಅವರ ಮಾತಿನೊಳಗೇ ಇತ್ತು. ನೀವು ‘ಇಸು’ ತೆಗೆದಿರಿ, ಅದರ ಜೊತೆಗೆ ಹಗ್ಗ ಹಿಡಿದವನ ಕೈಯೂ ವಾಕ್ಯದಿಂದ ಹೊರಟುಹೋಯಿತು.

ನಾನು ಉಪಸಂಪಾದಕನಾಗಿ ಕೆಲಸ ಕಲಿತ ಮೇಜಿನಲ್ಲಿ ಹಿರಿಯರೊಬ್ಬರು ಕ್ರಿಯಾಪದದ ಕೆಳಗೆ ಕೆಂಪು ಗೆರೆ ಎಳೆದು ಅಂಚಿನಲ್ಲಿ ‘ಯಾರು?’ ಎಂದಷ್ಟೇ ಬರೆಯುತ್ತಿದ್ದರು. ‘ಗುಂಡು ಹಾರಿತು’ ಎಂದರೆ ‘ಯಾರು?’ ‘ಕಾಡು ನಾಶವಾಯಿತು’ ಎಂದರೆ ‘ಯಾರು?’ ಆಗ ಕಿರಿಕಿರಿ ಎನಿಸುತ್ತಿತ್ತು. ಈಗ ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ಅದೇ ಪದ ಹದಿನಾಲ್ಕು ಕಡೆ ಇದೆ.

ಇನ್ನು ‘ನಾದಕ್ಕೆ ಮೈಮರೆತು’. ಕರಡಿ ಎದ್ದು ನಿಲ್ಲುವುದು ಹೇಗೆ ಎಂಬುದನ್ನು ಬರೆಯುವ ಮೊದಲು ತಿಳಿದುಕೊಳ್ಳಬೇಕು. ಹಗ್ಗವನ್ನು ಮೇಲಕ್ಕೆ ಜಗ್ಗಿದಾಗ ಮೂತಿಯ ಗಾಯ ಹರಿದಂತಾಗುತ್ತದೆ. ಮೂತಿ ಮೇಲೇರಿದಷ್ಟೂ ಎಳೆತ ಸಡಿಲವಾಗುತ್ತದೆ. ಅದಕ್ಕೇ ಮುಂಗಾಲು ನೆಲ ಬಿಡುತ್ತದೆ. ಎಡಕ್ಕೆ ಜಗ್ಗಿದರೆ ಎಡಕ್ಕೊಂದು ಹೆಜ್ಜೆ, ಬಲಕ್ಕೆ ಜಗ್ಗಿದರೆ ಬಲಕ್ಕೊಂದು. ಡಮರುಗ ಬಾರಿಸಿದ ಹಿಂದೆಯೇ ಜಗ್ಗು ಬರುತ್ತದೆ ಎಂಬುದನ್ನು ಮರಿ ಬೇಗ ಕಲಿಯುತ್ತದೆ, ಕಲಿತ ಮೇಲೆ ಜಗ್ಗುವ ಮೊದಲೇ ಏಳುತ್ತದೆ. ಸುತ್ತ ನಿಂತವರಿಗೆ ಅದು ತಾಳಜ್ಞಾನದ ಹಾಗೆ ಕಾಣುತ್ತದೆ. ಜನ ಹಾಗೆ ಕಂಡರೆ ಅಡ್ಡಿಯಿಲ್ಲ, ಕಾಸು ಎಸೆಯುವುದು ಅದಕ್ಕೇ ತಾನೇ. ಕಥೆಗಾರನಿಗೂ ಹಾಗೇ ಕಂಡರೆ ಕಷ್ಟ.

ಎರಡನೇ ಪುಟ: ‘ಅವಳ ಮೂಗಿಗೆ ಒರಟು ಹಗ್ಗ ಕಟ್ಟಿದ್ದರು.’ ಕಟ್ಟಿದ್ದಲ್ಲ, ಪೋಣಿಸಿದ್ದು. ನಿಮ್ಮ ಓದುಗರು ಎತ್ತಿನ ಮೂಗುದಾರ ಕಂಡವರು, ಅದನ್ನೇ ಊಹಿಸಿಕೊಳ್ಳುತ್ತಾರೆ. ಮೂಗುದಾರ ಹೊಳ್ಳೆಗಳ ನಡುವಿನ ತೆಳು ಗೋಡೆಯಲ್ಲಿ ಹಾಯುತ್ತದೆ. ಕರಡಿಗೆ ಹಾಗಲ್ಲ. ಕೆಲವೇ ತಿಂಗಳ ಮರಿಯನ್ನು ಅದುಮಿ ಹಿಡಿದು, ಕೆಂಪಗೆ ಕಾಸಿದ ದಬ್ಬಣದಿಂದ ಮೂತಿಯನ್ನೇ ತೂತು ಮಾಡುತ್ತಿದ್ದರು. ಮರಗಟ್ಟಿಸುವ ಮದ್ದಿಲ್ಲ. ಆ ತೂತಿನಲ್ಲಿ ಹಗ್ಗ. ಹಗ್ಗ ದಿನವೂ ಅಲುಗುವುದರಿಂದ ಗಾಯ ಮಾಯುವುದಿಲ್ಲ. ಕೀವು ಕಟ್ಟುತ್ತದೆ, ನೊಣ ಕೂರುತ್ತದೆ, ಹುಳ ಬೀಳುತ್ತದೆ. ವಾಸನೆ ಹಿಡಿದೇ ಬದುಕುವ ಪ್ರಾಣಿಯ ಮೂತಿ ಅದು. ‘ಒರಟು ಹಗ್ಗ’ ಎಂದಿದ್ದೀರಿ. ಒರಟೋ ನಯವೋ ನನಗೆ ಬೇಕಿಲ್ಲ. ಯಾವ ಕಡೆ ಒಳಹೋಗಿ ಯಾವ ಕಡೆ ಹೊರಬಂದಿದೆ, ಅದನ್ನು ಬರೆಯಿರಿ.

ಅದೇ ಪುಟ, ಕೆಳಗೆ: ‘ಅವಳ ಕೋರೆಹಲ್ಲು ಫಳಫಳಿಸಿದಾಗ ಮಕ್ಕಳು ಕಿರುಚಿದರು.’ ಯಾವ ಕೋರೆಹಲ್ಲು? ಆಡಿಸುವ ಕರಡಿಯ ಕೋರೆಗಳನ್ನು ಎಳೆಯದರಲ್ಲೇ ಬಡಿದು ಕಿತ್ತಿರುತ್ತಾರೆ ಅಥವಾ ಮುರಿದಿರುತ್ತಾರೆ, ಉಗುರು ಕತ್ತರಿಸಿರುತ್ತಾರೆ. ಬೊಚ್ಚುಬಾಯಿಯ ಕರಡಿಯನ್ನು ಕಂಡು ಮಕ್ಕಳು ಕಿರುಚಿದರೆ ಆ ದೃಶ್ಯಕ್ಕೆ ಬೇರೆಯೇ ಬಣ್ಣ ಬರುತ್ತದೆ. ಒಂದು ಮಾತು, ಇಲ್ಲಿ ಹುಷಾರು: ನಮ್ಮ ಕರಡಿಗೆ ಮೇಲ್ದವಡೆಯ ಮುಂದಿನ ಎರಡು ಬಾಚಿಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ. ಹುತ್ತ ಬಗೆದು, ಹೊಳ್ಳೆ ಮುಚ್ಚಿಕೊಂಡು, ತುಟಿ ಚಾಚಿ ಗೆದ್ದಲನ್ನು ಹೀರಿಕೊಳ್ಳಲು ಆ ಸಂದು ಬೇಕು. ಆ ಸಂದನ್ನೂ ಮನುಷ್ಯನ ಕ್ರೌರ್ಯದ ಲೆಕ್ಕಕ್ಕೆ ಸೇರಿಸಿಬಿಡಬೇಡಿ. ತಿಳಿದವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಮೂರನೇ ಪುಟದ ‘ತಲೆಯನ್ನು ಅತ್ತಿತ್ತ ತೂಗುತ್ತ ತಾಳ ಹಾಕುತ್ತಿದ್ದಳು’ ಎಂಬ ಸಾಲಿನಲ್ಲಿ ನೀವು ಕೈಗೆ ಬಂದ ಕಥೆಯನ್ನೇ ಕೆಳಗೆ ಬಿಟ್ಟಿದ್ದೀರಿ. ಆ ತೂಗಾಟ ಡಮರುಗಕ್ಕೆ ಸೇರಿದ್ದಲ್ಲ. ಗಿಡ್ಡ ಹಗ್ಗದಲ್ಲಿ ವರ್ಷಗಟ್ಟಲೆ ಗೂಟಕ್ಕೆ ಬಿದ್ದ ಪ್ರಾಣಿ ಉದ್ದೇಶವಿಲ್ಲದ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತದೆ. ಬೋನಿನ ಹುಲಿ ಒಂದೇ ದಾರಿಯಲ್ಲಿ ಶತಪಥ ಹಾಕುತ್ತದೆ, ಸರಪಳಿಯ ಆನೆ ಕಾಲಿಂದ ಕಾಲಿಗೆ ಭಾರ ಬದಲಿಸುತ್ತ ಸೊಂಡಿಲು ತೂಗುತ್ತದೆ. ಕರಡಿಯದು ತಲೆ. ಬಿಡುಗಡೆಯಾಗಿ ವರ್ಷಗಳಾದ ಕರಡಿಗಳಲ್ಲೂ ಅದು ಪೂರ್ತಿ ಹೋಗುವುದಿಲ್ಲ. ಈಗ ಹೀಗೆ ಮಾಡಿ: ಜಾತ್ರೆ ಮುಗಿಯಲಿ, ಡಮರುಗ ಚೀಲ ಸೇರಲಿ, ಜನ ಮನೆಗೆ ಹೋಗಲಿ. ಹುಡುಗ ಕತ್ತಲಲ್ಲಿ ಬಂದು ನೋಡಿದಾಗ ಸದ್ದೇ ಇಲ್ಲದ ಜಾಗದಲ್ಲಿ ತಲೆ ತೂಗುತ್ತಲೇ ಇರಲಿ. ವಿಶೇಷಣ ಒಂದೂ ಬೇಡ.

‘ರಾಣಿಯ ಕಣ್ಣಿಂದ ದುಃಖದ ಧಾರೆ ಹರಿಯಿತು.’ ಕರಡಿ ದುಃಖಕ್ಕೆ ಕಣ್ಣೀರು ಸುರಿಸುವುದಿಲ್ಲ. ಆದರೆ ರೊಟ್ಟಿ, ಹಾಲು, ಬೇಳೆ ತಿಂದು ಬೆಳೆದ ಈ ಕರಡಿಗಳ ಕಣ್ಣಿಗೆ ಪೊರೆ ಬರುತ್ತಿತ್ತು, ಎಷ್ಟೋ ಕುರುಡಾಗುತ್ತಿದ್ದವು. ಕಣ್ಣಲ್ಲಿ ಪೊರೆಯಿದೆ ಎಂದು ಬರೆಯಿರಿ, ಅಳುವುದನ್ನು ಓದುಗನಿಗೆ ಬಿಡಿ. ‘ಅವಳು’ ಎಂಬುದನ್ನೂ ಬಿಟ್ಟು ‘ಅದು’ ಎನ್ನಿ. ಕರಡಿಗೆ ಹೆಂಗಸಿನ ಸರ್ವನಾಮ ಹಚ್ಚಿದರೆ ಮರ್ಯಾದೆ ಹೆಚ್ಚಿತೆಂದು ನಿಮ್ಮ ಎಣಿಕೆ. ಅದನ್ನು ಎರಡು ಕಾಲ ಮೇಲೆ ನಿಲ್ಲಿಸಿದವನೂ ಮನುಷ್ಯರ ಹಾಗೆ ಕಾಣಲಿ ಎಂದೇ ನಿಲ್ಲಿಸಿದ್ದು, ಕೆಲವರು ಅದಕ್ಕೆ ಲಂಗವನ್ನೂ ತೊಡಿಸುತ್ತಿದ್ದರು.

ಇನ್ನು ಕೊನೆಯ ಪುಟ. ‘ಹುಡುಗ ಕತ್ತರಿಯಿಂದ ಹಗ್ಗ ತುಂಡರಿಸಿದ. ರಾಣಿ ಒಮ್ಮೆ ತಿರುಗಿ ನೋಡಿ ಕಾಡಿನತ್ತ ಓಡಿದಳು.’

ಮುಂದೇನಾಗುತ್ತದೆ, ಯೋಚಿಸಿದ್ದೀರಾ? ಕತ್ತರಿ ತಾಗಿದ್ದು ಹೊರಗಿನ ಹಗ್ಗಕ್ಕೆ. ಒಳಗಿನ ತುಂಡು ಮಾಂಸಕ್ಕೆ ಅಂಟಿಕೊಂಡು ಹಾಗೇ ಇದೆ, ಅದು ಕೊಳೆಯುತ್ತದೆ. ಕಾಡಿನಲ್ಲಿ ಮರಿ ಎರಡು ವರ್ಷಕ್ಕೂ ಮಿಕ್ಕಿ ತಾಯಿಯ ಜೊತೆಗಿದ್ದು, ಎಳೆಯದರಲ್ಲಿ ಅದರ ಬೆನ್ನೇರಿ ತಿರುಗಿ, ಯಾವ ಹುತ್ತ, ಯಾವ ಜೇನು, ಯಾವ ತಿಂಗಳಲ್ಲಿ ಯಾವ ಹಣ್ಣು ಎಂದು ಕಲಿಯುತ್ತದೆ. ರಾಣಿಯನ್ನು ಕಣ್ಣು ಬಿಡುವ ವಯಸ್ಸಿನಲ್ಲೇ ಗುಹೆಯಿಂದ ಕದ್ದು ತಂದಿದ್ದಾರೆ. ಹುತ್ತ ಬಗೆಯಲು ಉಗುರು ಸಾಲದು, ಕಾದಾಡಲು ಕೋರೆಯಿಲ್ಲ. ಮನುಷ್ಯರ ನಡುವೆ ಬೆಳೆದದ್ದರಿಂದ ಕ್ಷಯ ಅಂಟಿರಬಹುದು, ಅದನ್ನು ಕಾಡಿನ ಕರಡಿಗಳಿಗೂ ಹಂಚುತ್ತದೆ. ಮನುಷ್ಯನ ಹೆದರಿಕೆಯಿಲ್ಲ, ರೊಟ್ಟಿಯ ರುಚಿ ಗೊತ್ತು. ಮಾರನೆಯ ದಿನ ಯಾವುದೋ ಹಟ್ಟಿಯ ಅಡುಗೆಮನೆ ಹುಡುಕಿಕೊಂಡು ಬರುತ್ತದೆ, ಜನ ದೊಣ್ಣೆ ಹಿಡಿಯುತ್ತಾರೆ. ನಿಮ್ಮ ಸುಖಾಂತ್ಯ ಹೆಚ್ಚೆಂದರೆ ಎರಡು ದಿನದ್ದು.

ನಿಜಕ್ಕೂ ನಡೆದದ್ದು ಬೇರೆ, ಅದು ನಿಮ್ಮದಕ್ಕಿಂತ ಒಳ್ಳೆಯ ಕಥೆ. ಕರಡಿಗಳನ್ನು ಪುನರ್ವಸತಿ ಕೇಂದ್ರಕ್ಕೆ ತಂದು, ಅರಿವಳಿಕೆ ಕೊಟ್ಟು, ಪಶುವೈದ್ಯರು ಹಗ್ಗ ಕತ್ತರಿಸಿ ಮೂತಿಯಿಂದ ಎಳೆದು ತೆಗೆದು ಗಾಯ ತೊಳೆಯುತ್ತಿದ್ದರು. ಮುರಿದ ಹಲ್ಲಿನ ಬೇರಿಗೆ ಚಿಕಿತ್ಸೆ ಆಗುತ್ತಿತ್ತು. ಆಮೇಲೆ ಸುಮಾರು 90 ದಿನ ಪ್ರತ್ಯೇಕವಾಗಿಟ್ಟು ರೋಗಪರೀಕ್ಷೆ. ಅದಾದ ಮೇಲೆ ಮರ, ಗುಂಡಿ, ನೀರಿನ ತೊಟ್ಟಿ ಇರುವ ಬಯಲು. ಗಂಜಿ, ಹಣ್ಣು, ಮೊಟ್ಟೆ, ಜೇನು. ಜೇನನ್ನು ತಟ್ಟೆಯಲ್ಲಿ ಇಡುವುದಿಲ್ಲ, ಪೊಳ್ಳು ದಿಮ್ಮಿಯೊಳಗೆ ಸವರಿಡುತ್ತಾರೆ, ನಾಲಗೆ ಚಾಚಿ ದುಡಿದು ತಿನ್ನಲಿ ಎಂದು. ತಲೆ ತೂಗುವ ಹೊತ್ತು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆಗ್ರಾದಲ್ಲಿ, ನಮ್ಮ ಬನ್ನೇರುಘಟ್ಟದಲ್ಲಿ ಇಂಥ ಕೇಂದ್ರಗಳಿವೆ. ಕಾಡಿಗೆ ಮರಳಿಸಲಾಗದು ಎಂಬ ಕಹಿಯನ್ನು ನುಂಗಿಯೇ ಇವನ್ನು ಕಟ್ಟಿದ್ದು. ಹಗ್ಗ ಹೋದ ಮೂತಿಯಿಂದ ಮೊದಲ ಸಲ ಮಣ್ಣು ಮೂಸುವ ಕರಡಿ ನಿಮ್ಮ ಕೊನೆಯ ದೃಶ್ಯವಾಗಲಿ.

ಕಾಲದ್ದೂ ಒಂದು ತೊಡಕಿದೆ. ನಿಮ್ಮ ಜಾತ್ರೆಯಲ್ಲಿ ಹುಡುಗರು ಮೊಬೈಲಿನಲ್ಲಿ ರೀಲ್ಸ್ ಮಾಡುತ್ತಾರೆ. 1972ರ ವನ್ಯಜೀವಿ ಕಾಯ್ದೆ ಮೊದಲೇ ಇತ್ತು, ಅದರ ಜೊತೆಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1998ರ ಅಕ್ಟೋಬರ್‌ನಲ್ಲಿ ಕೇಂದ್ರದ ಅಧಿಸೂಚನೆ ಬಂದು ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನ ನಿಷೇಧವಾಯಿತು. ಸರ್ಕಸ್‌ನವರು ನ್ಯಾಯಾಲಯಕ್ಕೆ ಹೋದರು, 2000ದಲ್ಲಿ ಕೇರಳ ಹೈಕೋರ್ಟ್, 2001ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿದವು. ಕುಣಿಸುವ ಕರಡಿಗಳಲ್ಲಿ ಕೊನೆಯದು ಎನ್ನಲಾದ ರಾಜು 2009ರ ಡಿಸೆಂಬರ್‌ನಲ್ಲಿ ಬನ್ನೇರುಘಟ್ಟ ಸೇರಿತು. ತುಂಬಿದ ಜಾತ್ರೆಯಲ್ಲಿ, ಪೊಲೀಸರ ಎದುರಿಗೆ, ಈಗ ಕರಡಿ ಆಡುವುದಿಲ್ಲ. ಜಾತ್ರೆಯನ್ನು ತೊಂಬತ್ತರ ದಶಕಕ್ಕೆ ಒಯ್ಯಿರಿ, ಮೊಬೈಲು ತೆಗೆಯಿರಿ, ಪುನರ್ವಸತಿ ಕೇಂದ್ರದ ಕೊನೆಯ ದೃಶ್ಯ ಕೆಲವು ವರ್ಷಗಳ ನಂತರದ್ದಾಗಲಿ.

ಮಾಲೀಕನ ಕೆಂಗಣ್ಣು, ಗಿರಿಜಾಮೀಸೆಯ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪತ್ರವಾಗುತ್ತದೆ. ಕರಡಿ ಆಡಿಸುತ್ತಿದ್ದ ಸಮುದಾಯದವರಾದ ಕಲಂದರರಿಗೆ ಕರಡಿ ತಲೆಮಾರುಗಳ ಹೊಟ್ಟೆಪಾಡಾಗಿತ್ತು. ಕರಡಿ ಒಪ್ಪಿಸಿದವರಿಗೆ ರಿಕ್ಷಾ, ಸಣ್ಣ ಅಂಗಡಿಗೆ ಬಂಡವಾಳ, ಮಕ್ಕಳಿಗೆ ಶಾಲೆ ಎಂದು ಬದಲಿ ದಾರಿ ಸಿಕ್ಕಾಗಲೇ ಹಗ್ಗ ಕೈಬಿಟ್ಟದ್ದು. ಸದ್ಯಕ್ಕೆ ಮೀಸೆ ಬೋಳಿಸಿ, ಸಾಕು.

ತಿದ್ದುವ ಮೊದಲು ಹಂಪಿ ಬಳಿಯ ದರೋಜಿ ಕರಡಿಧಾಮಕ್ಕೆ ಒಮ್ಮೆ ಹೋಗಿಬನ್ನಿ. ಮಧ್ಯಾಹ್ನ ಕಳೆದ ಮೇಲೆ ವೀಕ್ಷಣಾ ಗೋಪುರದಲ್ಲಿ ಕೂತರೆ ಬಂಡೆಗಳ ನಡುವಿನಿಂದ ಕರಡಿ ಇಳಿದು ಬರುವುದು ಕಾಣಸಿಗುತ್ತದೆ. ಬೈನಾಕ್ಯುಲರ್ ಒಯ್ಯಿರಿ. ನಾಲ್ಕು ಕಾಲಿನಲ್ಲಿ ಅದು ಹೇಗೆ ನಡೆಯುತ್ತದೆ, ಮೂತಿಯನ್ನು ಎಲ್ಲೆಲ್ಲಿ ಇಡುತ್ತದೆ ಎಂದು ಟಿಪ್ಪಣಿ ಮಾಡಿಕೊಳ್ಳಿ. ನಿಮ್ಮ ಇಡೀ ಕಥೆಯಲ್ಲಿ ಕರಡಿ ನಾಲ್ಕು ಕಾಲಿನಲ್ಲಿ ನಡೆಯುವ ಒಂದು ಸಾಲೂ ಇಲ್ಲ.

ತಾಯಿತದ ಅರ್ಧ ಪುಟ ಮುಟ್ಟಬೇಡಿ. ಬೇಕಿದ್ದರೆ ಒಂದು ಸಾಲು ಸೇರಿಸಿ: ಕೂದಲನ್ನು ಆ ಹೆಂಗಸಿನ ಎದುರಿಗೇ, ಕರಡಿಯ ಬೆನ್ನಿಂದ ಕಿತ್ತು ಕೊಡಲಿ. ಹಸ್ತಪ್ರತಿ ಇದರೊಂದಿಗಿದೆ. ಶೀರ್ಷಿಕೆಯನ್ನು ನಾನೇ ಹೊಡೆದುಹಾಕಿದ್ದೇನೆ.

ಇತಿ,
ಸಂಪಾದಕ