ಅಜ್ಜನ ಪೆಟ್ಟಿಗೆಯ ಚೀಟಿ

ಹಳೆಯ ಕಾಗದಗಳ ಬಗ್ಗೆ ಬಂದ ಪತ್ರಗಳಲ್ಲಿ ಮೂರಕ್ಕೆ ಈ ಸಲ ಉತ್ತರ. ಮೊದಲನೆಯದೇ ಜಾಸ್ತಿ ಜಾಗ ತಿಂದಿದೆ. ಉಳಿದ ಇಬ್ಬರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ನಮ್ಮ ಅಜ್ಜ (ಅಪ್ಪನ ಅಪ್ಪ) ಎರಡು ವರ್ಷದ ಹಿಂದೆ ತೀರಿಕೊಂಡರು. ಅವರ ಬದುಕನ್ನು ಮನೆಯ ಮಕ್ಕಳಿಗಾಗಿ ಬರೆದಿಡೋಣ ಅಂತ ಕೂತರೆ ಹುಟ್ಟಿದ ವರ್ಷದಲ್ಲೇ ಸಿಕ್ಕಿಬಿದ್ದೆ. ಶಾಲೆಯ ದಾಖಲೆಯಲ್ಲಿ 1-6-1928 ಎಂದಿದೆ. ಅಜ್ಜಿ ಒಪ್ಪುವುದಿಲ್ಲ. "ಶೀರೂರು ಪರ್ಯಾಯ, ಆಟಿ ತಿಂಗಳು, ನನ್ನ ಅತ್ತೆಯೇ ಹೇಳಿದ್ದು" ಅನ್ನುತ್ತಾರೆ. ಅಜ್ಜನ ಪೆಟ್ಟಿಗೆಯಲ್ಲಿ ಒಂದು ಚಾಲಗೇಣಿ (ವರ್ಷವರ್ಷದ ಗೇಣಿ) ಚೀಟಿಯೂ ಸಿಕ್ಕಿತು. ಅದರಲ್ಲಿ "ಫಸಲಿ 1352, ಅಕ್ಕಿ ಮುಡಿ 12" ಎಂದಿದೆ. ಅದರಲ್ಲಿರುವ ಹೆಸರು ಅಜ್ಜನದ್ದೂ ಅಲ್ಲ, ಅವರ ಅಪ್ಪನದ್ದೂ ಅಲ್ಲ. ಇದು ಯಾರದ್ದು, ಯಾವ ಕಾಲದ್ದು?
— ಬ್ರಹ್ಮಾವರದ ಓದುಗರೊಬ್ಬರು

ಉತ್ತರ: ನೀವು ಕಳಿಸಿದ ಚೀಟಿಯ ಫೋಟೊವನ್ನು ಮೂರು ದಿನ ಬಿಟ್ಟೂ ಬಿಟ್ಟೂ ನೋಡಿದೆ. ನಾಲ್ಕು ಮಡಿಕೆ, ಮಡಿಕೆಯ ಮೂಲೆಯಲ್ಲಿ ಹುಳ ತಿಂದ ತೂತು, ಕಂದಿದ ಶಾಯಿ, ಕೆಳಗೆ ಹೆಬ್ಬೆಟ್ಟು. ಹೆಬ್ಬೆಟ್ಟಿನ ಗೆರೆಗಳು ಅಕ್ಷರಗಳಿಗಿಂತ ಚೆನ್ನಾಗಿ ಉಳಿದಿವೆ.

ಫಸಲಿ ಅಂದರೆ ಕಂದಾಯದ ವರ್ಷ. ಆಗ ನಾವು ದಕ್ಷಿಣ ಕನ್ನಡದವರು ಮದರಾಸಿನ ಕೈಕೆಳಗಿದ್ದೆವಲ್ಲ, ಅಲ್ಲಿಯ ಲೆಕ್ಕ. ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯಿತು. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಹಾಗಾಗಿ ನಿಮ್ಮ ಚೀಟಿ 1942ರ ಜುಲೈಯಿಂದ 1943ರ ಜೂನ್ ಒಳಗಿನದು. ಒಂದು ಮುಡಿ ಅಂದರೆ 42 ಸೇರು. ಹನ್ನೆರಡು ಮುಡಿಗೆ 504 ಸೇರು ಅಕ್ಕಿ. ಬರ್ಮಾ ಜಪಾನಿನವರ ಕೈಸೇರಿ ರಂಗೂನಿನ ಅಕ್ಕಿ ಬರುವುದು ನಿಂತಿದ್ದ ಹೊತ್ತು ಅದು. ಅಷ್ಟು ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಹೊತ್ತು ಹಾಕಿದ ಮೇಲೆ ನಿಮ್ಮ ಮನೆಯಲ್ಲಿ ಏನು ಉಳಿದಿರಬಹುದು? ಅಜ್ಜಿಯನ್ನು ಕೇಳುವಾಗ ಇದನ್ನೂ ಕೇಳಿ. ಗೆಣಸು, ಹಲಸಿನ ಬೀಜದ ಕಥೆ ಬಂದರೂ ಬಂತು.

ಇನ್ನು ಹುಟ್ಟಿದ ವರ್ಷ. ನಾನು ಅಜ್ಜಿಯ ಪಕ್ಷ. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಹುಡುಗನ ಎತ್ತರ ನೋಡಿ ಜೂನ್ ಒಂದಕ್ಕೆ ಹೊಂದುವ ಹಾಗೆ ಒಂದು ತಾರೀಕು ಬರೆದುಬಿಡುತ್ತಿದ್ದರು. ನನ್ನ ತರಗತಿಯಲ್ಲೇ ಜೂನ್ ಒಂದರಂದು ಹುಟ್ಟಿದವರು ಏಳು ಮಂದಿ ಇದ್ದೆವು. ಪರ್ಯಾಯ ಹಾಗಲ್ಲ. ಉಡುಪಿ ಕೃಷ್ಣನ ಪೂಜೆ ಎರಡು ವರ್ಷಕ್ಕೊಂದು ಮಠದ್ದು, ಎಂಟು ಮಠಕ್ಕೆ ಹದಿನಾರು ವರ್ಷ, ಸರದಿ ತಪ್ಪುವುದಿಲ್ಲ. ಪೇಜಾವರ ವಿಶ್ವೇಶತೀರ್ಥರ ಮೊದಲ ಪರ್ಯಾಯ 1952ರಲ್ಲಿ. ಅದಕ್ಕೆ ಮೊದಲು ಕಾಣಿಯೂರು, ಅದಕ್ಕೆ ಮೊದಲು ಸೋದೆ, ಅದಕ್ಕೆ ಮೊದಲು ಶೀರೂರು. ಅಂದರೆ 1946. ಅದರ ಹಿಂದಿನ ಸುತ್ತಿನದು 1930ರ ಜನವರಿಯಿಂದ 1932ರ ಜನವರಿವರೆಗೆ. ನಿಮ್ಮ ಅಜ್ಜ ಹುಟ್ಟಿದ್ದು ಇದರಲ್ಲೇ.

ಈ ಎರಡು ವರ್ಷದಲ್ಲಿ ಆಟಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಎರಡು ಸಲ ಬಂದಿದೆ, 1930ರಲ್ಲಿ ಒಂದು, 1931ರಲ್ಲಿ ಇನ್ನೊಂದು. ಯಾವುದು? ಅಜ್ಜಿಯ ಹತ್ತಿರ ಇಸವಿ ಕೇಳಬೇಡಿ. ಇಸವಿ ಕೇಳಿದರೆ ಹಿರಿಯರು ಪರೀಕ್ಷೆಗೆ ಕೂತವರ ಹಾಗೆ ಹೆದರುತ್ತಾರೆ. ಮುಂದಿನ ಸೋದೆ ಪರ್ಯಾಯದ ಹೊತ್ತಿಗೆ ಅಜ್ಜ ಮೊಲೆ ಕುಡಿಯುವ ಕೂಸೋ, ಅಂಗಳದಲ್ಲಿ ಓಡುವ ಮಗುವೋ, ಅತ್ತೆ ಏನಾದರೂ ಹೇಳಿದ್ದರೇ ಅಂತ ಕೇಳಿ. ಕೂಸಾದರೆ 1931. ಓಡುವ ಮಗುವಾದರೆ 1930.

ಯಾವುದಾದರೂ ಸರಿ, ಚೀಟಿ ಬರೆದ ವರ್ಷ ಅಜ್ಜ ಹನ್ನೊಂದು ಹನ್ನೆರಡರ ಹುಡುಗ. ಅವರ ಹೆಸರು ಅದರಲ್ಲಿ ಇರುವಂತಿಲ್ಲ. ಅಪ್ಪನ ಹೆಸರೂ ಯಾಕಿಲ್ಲ? ನಿಮ್ಮದು ಅಳಿಯಕಟ್ಟಿನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಕುಟುಂಬವಾಗಿದ್ದರೆ ಉತ್ತರ ಸುಲಭ. ಅದು ಅಜ್ಜನ ಸೋದರಮಾವನ ಹೆಸರು. ಮನೆಯ ಯಜಮಾನಿಕೆ ಅವರದ್ದು, ಗೇಣಿಯ ಹೊಣೆಯೂ ಅವರದ್ದೇ. ಮದರಾಸು ಸರ್ಕಾರ ಅಳಿಯಸಂತಾನ ಕಾಯ್ದೆ ತಂದದ್ದು 1949ರಲ್ಲಿ, ಕುಟುಂಬಗಳು ಪಾಲಾಗತೊಡಗಿದ್ದು ಆಮೇಲೆ. ಈಗ ಮೊಬೈಲಿನಲ್ಲಿ ವಂಶವೃಕ್ಷ ಬರೆಯುವವರು ಮೊದಲು ತುಂಬಿಸುವುದೇ ಅಪ್ಪನ ಹೆಸರಿನ ಖಾನೆ. ಅಲ್ಲಿಂದ ಅಪ್ಪನ ಅಪ್ಪ, ಅವನ ಅಪ್ಪ. ಅಜ್ಜನನ್ನು ಸಾಕಿದ ಮಾವ ಆ ಮರದ ಯಾವ ಕೊಂಬೆಯಲ್ಲೂ ಇರುವುದಿಲ್ಲ. ನೀವು ಅಜ್ಜನ ತಾಯಿಯಿಂದ ಶುರು ಮಾಡಿ. ಆಕೆಯ ಮನೆ ಯಾವುದು, ಅಣ್ಣತಮ್ಮಂದಿರು ಎಷ್ಟು, ನಾಗರಪಂಚಮಿಗೆ ತನು (ನಾಗನಿಗೆ ಹಾಲು, ಎಳನೀರು) ಎರೆಯಲು ಯಾವ ನಾಗಬನಕ್ಕೆ ಹೋಗುತ್ತಿದ್ದರು. ಕಡೆಯ ಪ್ರಶ್ನೆಗೆ ಬರುವ ಉತ್ತರವೇ ಅಜ್ಜನ ಮೂಲಮನೆಯ ದಾರಿ.

ಒಂದು ಮಾತು ಬಾಕಿ ಇದೆ. ಗೇಣಿಯ ಜಾಗಕ್ಕೆ ಅಜ್ಜ ಆಮೇಲೆ ಡಿಕ್ಲರೇಶನ್ ಹಾಕಿದ್ದರೇ? 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಒಕ್ಕಲುಗಳು ಗೇಣಿ ಜಾಗ ತಮ್ಮದಾಗಲಿ ಅಂತ ಏಳನೇ ನಮೂನೆಯ ಅರ್ಜಿ ಕೊಡುತ್ತಿದ್ದರಲ್ಲ, ಅದು. ಕೊಟ್ಟಿದ್ದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಹಾಕಿ. ಆದೇಶದ ಪ್ರತಿ ಸಾಕು ಅನ್ನಬೇಡಿ, ಪೂರ್ತಿ ಕಡತ ಕೇಳಿ. ಒಳಗೆ ಅಜ್ಜನ ಹೇಳಿಕೆ ಇರುತ್ತದೆ. ಗೇಣಿ ಒಕ್ಕಲಾಗಿದ್ದ ಎಷ್ಟೋ ಅಜ್ಜಂದಿರ ಮಾತು ಕಾಗದದ ಮೇಲೆ ಉಳಿದಿರುವುದು ಅದೊಂದೇ ಕಡೆ.

ಆ ಅರ್ಜಿಗಳನ್ನು ವಿಚಾರಿಸುತ್ತಿದ್ದ ಭೂನ್ಯಾಯಮಂಡಳಿಯಲ್ಲಿ ಗುಮಾಸ್ತನಾಗಿ ಅಂಥ ಹೇಳಿಕೆಗಳನ್ನು ನಾನೂ ಬರೆದಿದ್ದೇನೆ, ಹಾಗಾಗಿ ಅದರ ಕುಂದೂ ಗೊತ್ತು. ಒಬ್ಬ ಅಜ್ಜ ತುಳುವಿನಲ್ಲಿ, "ಅಮ್ಮ ನನ್ನನ್ನು ಹೆತ್ತದ್ದು ಈ ಮನೆಯ ಚಾವಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ. ಬಾವಿ ತೋಡಿದ್ದು ನಾನು ಮತ್ತು ತಮ್ಮ. ತಮ್ಮ ಅದೇ ವರ್ಷ ಜ್ವರದಲ್ಲಿ ಹೋದ" ಎಂದು ಹೇಳಿದರು. ನಾನು ಬರೆದದ್ದು: "ಅರ್ಜಿದಾರರು ಸುಮಾರು 50 ವರ್ಷಗಳಿಂದ ಸ್ವಾಧೀನದಲ್ಲಿದ್ದು ಬಾವಿ ಇತ್ಯಾದಿ ಅಭಿವೃದ್ಧಿ ಮಾಡಿರುತ್ತಾರೆ." ತಮ್ಮ "ಇತ್ಯಾದಿ"ಯಲ್ಲೂ ಸೇರಲಿಲ್ಲ. ನಿಮ್ಮ ಕಡತದಲ್ಲೂ ಇಂಥ ಸಾಲುಗಳೇ ಇರುತ್ತವೆ. ಅದನ್ನು ಅಜ್ಜಿಯ ಎದುರು ಗಟ್ಟಿಯಾಗಿ ಓದಿ. "ಹಾಗಲ್ಲ ಮಾರಾಯ" ಅಂತ ಅವರು ತಡೆದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ನನ್ನ ಅಜ್ಜನಿಗೆ 88 ವರ್ಷ. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಬೇರೆ ಹೊತ್ತಿನಲ್ಲಿ ಮಾತೋ ಮಾತು. ಮೊಬೈಲ್ ಎದುರಿಟ್ಟು "ನಿಮ್ಮ ಜೀವನದ ಬಗ್ಗೆ ಹೇಳಿ ಅಜ್ಜ" ಅಂದರೆ "ಹೇಳುವಂಥದ್ದು ಎಂಥದ್ದೂ ಇಲ್ಲ" ಅಂತ ಎದ್ದುಹೋಗುತ್ತಾರೆ. ಏನು ಮಾಡಲಿ?
— ಮಂಗಳೂರಿನ ಓದುಗರೊಬ್ಬರು

ಉತ್ತರ: ಎದ್ದು ಹೋಗದೆ ಇನ್ನೇನು ಮಾಡುತ್ತಾರೆ! "ಜೀವನದ ಬಗ್ಗೆ ಹೇಳಿ" ಅಂದರೆ ನಾನೂ ಎದ್ದುಹೋಗುತ್ತೇನೆ. ಮೊಬೈಲನ್ನು ಕಿಸೆಯಲ್ಲೇ ಇಡಿ. ರೆಕಾರ್ಡ್ ಮಾಡುತ್ತೇನೆ ಅಂತ ಮೊದಲೇ ಹೇಳಿ, ಕದ್ದು ಬೇಡ. ಹಳೆಯ ಹಂಚು ಒಂದನ್ನು ತಂದು ಅವರ ಕೈಗೆ ಕೊಡಿ. ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರು, ಮುದ್ರೆ ಇರುತ್ತದೆ. ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅಲ್ಲಿಂದ ನೇತ್ರಾವತಿಯ ದಡದಲ್ಲಿ ಎಷ್ಟೋ ಕಾರ್ಖಾನೆಗಳು ಎದ್ದವು. ನಿಮ್ಮ ಅಜ್ಜನ ಕೈ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತದೆ, ನೋಡುತ್ತಿರಿ. ಚೆನ್ನಾಗಿ ಬೆಂದದ್ದಕ್ಕೆ ಒಂದು ಸದ್ದು, ಒಡಕಿಗೆ ಇನ್ನೊಂದು. ಆಗ ಕೇಳಿ: ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತಾ, ಲಾರಿಯಲ್ಲಾ? ಭಟ್ಟಿಗೆ ಹಂಚು ಜೋಡಿಸುವವರು ಯಾರು? ಒಡೆದ ಹಂಚಿಗೆ ಸಂಬಳದಲ್ಲಿ ಹಿಡಿಯುತ್ತಿದ್ದರಾ? ಈ ಕಡೆಯದಕ್ಕೆ ಸಿಟ್ಟು ಬಂದರೆ ಸುಮ್ನೆ ಕೂತು ಕೇಳಿ. ಸಿಟ್ಟಿನಲ್ಲಿ ಹೆಸರು, ಮೊತ್ತ, ದಿನ ಎಲ್ಲ ಹೊರಬರುತ್ತದೆ.

ರೆಕಾರ್ಡ್ ಆದದ್ದನ್ನು ಅದೇ ದಿನ ಇನ್ನೊಂದು ಕಡೆ ಹಾಕಿಡಿ. ನನ್ನ ಅಜ್ಜ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದವರು. ಅವರ ಮಾತನ್ನು 1986ರಲ್ಲಿ ಒಂದು ಕ್ಯಾಸೆಟ್ಟಿನ ಎರಡೂ ಬದಿಗೆ ತುಂಬಿಸಿದ್ದೆ. ಭಾವ ಅದರ ಮೇಲೆ ತಾಳಮದ್ದಳೆ ರೆಕಾರ್ಡ್ ಮಾಡಿದರು. ಅರ್ಥಗಾರಿಕೆ ಮುಗಿದ ಮೇಲೆ ಟೇಪಿನ ಬಾಲದಲ್ಲಿ ಅಜ್ಜ ಉಳಿದಿದ್ದಾರೆ. ಕೆಮ್ಮುತ್ತಾರೆ, ಸುಣ್ಣದ ಡಬ್ಬಿ ಎಲ್ಲಿ ಅಂತ ಕೇಳುತ್ತಾರೆ. ಅಷ್ಟೇ.

ಪ್ರಶ್ನೆ: ಅಜ್ಜನ ಕಾಲದ ಒಂದು ಗ್ರೂಪ್ ಫೋಟೊ ಇದೆ. ಅದರಲ್ಲಿರುವವರು ಯಾರೆಂದು ಹೇಳುವವರು ಈಗ ಒಬ್ಬರೇ, ದೊಡ್ಡಮ್ಮ. ಅವರೂ ಕೆಲವರನ್ನು ಒಂದೊಂದು ಸಲ ಒಂದೊಂದು ಹೆಸರಲ್ಲಿ ಕರೆಯುತ್ತಾರೆ.
— ಕಾರ್ಕಳದ ಓದುಗರೊಬ್ಬರು

ಉತ್ತರ: ಎರಡೂ ಹೆಸರು ಬರೆದುಕೊಳ್ಳಿ, ಹೇಳಿದ ದಿನದ ಸಮೇತ. ಆಮೇಲೆ ಫೋಟೊವನ್ನು ಮೆಲ್ಲಗೆ ಕಟ್ಟಿನಿಂದ ಬಿಡಿಸಿ, ರಟ್ಟಿನ ಹಿಂಬದಿ ನೋಡಿ. ಸ್ಟುಡಿಯೋದ ಮುದ್ರೆ, ಊರು, ಕೆಲವೊಮ್ಮೆ ತಾರೀಕೂ ಅಲ್ಲೇ ಇರುತ್ತದೆ. ಮಳೆಗಾಲದಲ್ಲಿ ಬಿಡಿಸಬೇಡಿ. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೇಬೇಡಿ, ಗಾಜಿನ ಸಮೇತ ಇನ್ನೊಂದು ಫೋಟೊ ತೆಗೆಸಿ. ದೊಡ್ಡಮ್ಮನಿಗೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡಿ. ಮೊಬೈಲಿನ ಪರದೆಯಲ್ಲಿ ಅವರಿಗೆ ಮುಖವೇ ಕಾಣುತ್ತಿಲ್ಲವೋ ಏನೋ.