ಮಳೆಗಾಲದಲ್ಲಿ ಲೆನ್ಸ್ ಎಲ್ಲಿಡಬೇಕು? ಬ್ಯಾಗಿನಲ್ಲಂತೂ ಬೇಡ

ಮಂಗಳೂರಿನಲ್ಲಿ ಮನೆ, ಹೊಸದಾಗಿ ಒಂದು 50 ಎಂಎಂ, ಒಂದು 70-300 ಲೆನ್ಸ್ ತಗೊಂಡಿದ್ದೀರಿ. ಕ್ಯಾಮೆರಾ ಬ್ಯಾಗಿನಲ್ಲೇ ಹಾಕಿ ಬೀರುವಿನಲ್ಲಿ ಇಟ್ಟರೆ ಸಾಕಾ, ಬೈಕಿನಲ್ಲಿ ಹೋಗುವಾಗ ಏನು ಮಾಡಬೇಕು ಅಂತ ಕೇಳಿದ್ದೀರಿ. ಸಾಲುವುದಿಲ್ಲ. ಬ್ಯಾಗ್ ಇರುವುದು ಹೊತ್ತುಕೊಂಡು ಹೋಗಲಿಕ್ಕೆ. ಅದರ ಸ್ಪಂಜು, ಬಟ್ಟೆ ಎಲ್ಲ ತೇವ ಹೀರಿಕೊಂಡು ಕೂರುತ್ತವೆ, ಮಳೆಗಾಲದಲ್ಲಿ ಅದರೊಳಗೆ ಲೆನ್ಸ್ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ, ಆಗುಂಬೆ ದೂರವಿಲ್ಲ, ಮಳೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ದೂರದ್ದನ್ನು ಹತ್ತಿರ ತೋರಿಸುವ ನನ್ನ ಮೊದಲ ಟೆಲಿ ಲೆನ್ಸನ್ನು ಜೂನ್‌ನಲ್ಲಿ ಬ್ಯಾಗಿಗೆ ಹಾಕಿ ಬೀರುವಿನಲ್ಲಿ ಇಟ್ಟವನು ದಸರೆಗೆ ತೆಗೆದೆ. ಹೊರಗಿಂದ ಗಾಜು ಫಳಫಳ ಅಂತಿತ್ತು. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಮುಂದಿನಿಂದ ನೋಡಿದಾಗ ಕಂಡಿತು: ಅಂಚಿನಿಂದ ಒಳಕ್ಕೆ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಬಿಳಿ ಎಳೆಗಳು, ಕವಲೊಡೆದು ಹರಡಿದ್ದವು. ರಿಪೇರಿಯವರು ಬಿಚ್ಚಿ ತೊಳೆದುಕೊಟ್ಟರು. ಎಳೆ ಹೋಯಿತು, ಅದು ಕೂತಿದ್ದ ಗುರುತು ಹೋಗಲಿಲ್ಲ. ಬೂಷ್ಟು ಬೆಳೆಯುವಾಗ ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನೇ ತಿಂದುಬಿಡುತ್ತದೆ. ಈಗಲೂ ಆ ಲೆನ್ಸಿನಲ್ಲಿ ಬಿಸಿಲಿಗೆ ಎದುರಾಗಿ ತೆಗೆದರೆ ಚಿತ್ರ ಮಂಕು ಬರುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಹಪ್ಪಳ ಎಲ್ಲಿಡುತ್ತೀರಿ? ಗಾಳಿಯಾಡದ ಡಬ್ಬಿಯಲ್ಲಿ. ಲೆನ್ಸಿಗೂ ಅದೇ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬಿ ತನ್ನಿ, ಒಳಗೆ ತೇವ ಹೀರುವ ಹರಳು, ಅಂದರೆ ಸಿಲಿಕಾ ಜೆಲ್ ಹಾಕಿ. ಜೊತೆಗೆ ತೇವಾಂಶ ತೋರಿಸುವ ಒಂದು ಪುಟ್ಟ ಮೀಟರ್ ಇಡಿ. ಇದನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ, ಆದರೆ ಮೀಟರ್ ಇಲ್ಲದೆ ಜೆಲ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಮುಳ್ಳು 40ರಿಂದ 50 ಪರ್ಸೆಂಟ್ ನಡುವೆ ಇರಲಿ. 60 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. ಹಾಗಂತ ಜೆಲ್ ಸುರಿದು 30ಕ್ಕಿಂತ ಕೆಳಗೂ ಇಳಿಸಬೇಡಿ, ಜಾಸ್ತಿ ಒಣಗುವುದು ರಬ್ಬರಿಗೆ ಒಳ್ಳೆಯದಲ್ಲ.

ಮೀಟರ್ ಸರಿ ಇದೆಯಾ ಅಂತ ನೋಡುವುದು ಸುಲಭ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಪೂರ್ತಿ ಕರಗದ ಹಾಗೆ ನಾಲ್ಕು ಹನಿ ನೀರು ಬಿಟ್ಟು, ಮೀಟರ್ ಜೊತೆ ಇನ್ನೊಂದು ಸಣ್ಣ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಒಂದು ದಿನ ಬಿಡಿ. 75ರ ಆಸುಪಾಸು ತೋರಿಸಬೇಕು. ನನ್ನದು 70 ತೋರಿಸಿತು, ಹಾಗಾಗಿ ಯಾವಾಗಲೂ ಐದು ಸೇರಿಸಿ ಓದುತ್ತೇನೆ.

ಜೆಲ್ ಕೊಳ್ಳುವಾಗ ಕೇಸರಿ ಬಣ್ಣದ್ದು ತಗೊಳ್ಳಿ, ತೇವ ಹೀರಿದಾಗ ಹಸಿರಿಗೆ ತಿರುಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದ್ದನ್ನು ಎಸೆಯಬೇಕಾಗಿಲ್ಲ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ನಾನು ಇದಕ್ಕೇ ಅಂತ ಬೇರೆ ಇಟ್ಟ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಒಣಗಿಸುತ್ತೇನೆ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡುವುದಿಲ್ಲ. ನಿಮಗೆ ಮುಂದೆ ಲೆನ್ಸ್ ಜಾಸ್ತಿ ಆದರೆ ಒಳಗಿನ ತೇವವನ್ನು ತಾನೇ ಹತೋಟಿಯಲ್ಲಿಡುವ ಕರೆಂಟಿನ ಡ್ರೈ ಕ್ಯಾಬಿನೆಟ್ ತಗೊಳ್ಳಿ, ಎರಡು ಲೆನ್ಸಿಗೆ ಡಬ್ಬಿ ಸಾಕು. ಚರ್ಮದ ಕೇಸ್ ಇದ್ದರೆ ಅದನ್ನು ಡಬ್ಬಿಯೊಳಗೆ ಹಾಕಬೇಡಿ, ಬೂಷ್ಟು ಮೊದಲು ಹತ್ತುವುದು ಚರ್ಮಕ್ಕೇ.

ಬೈಕಿನಲ್ಲಿ ಹೋಗುವಾಗ ಬ್ಯಾಗನ್ನು ಟ್ಯಾಂಕಿನ ಮೇಲೆ ಇಡಬೇಡಿ, ಕ್ಯಾರಿಯರಿಗೆ ಕಟ್ಟಬೇಡಿ. ಎಂಜಿನ್ನಿನ ನಡುಕ ಲೆನ್ಸಿನ ಒಳಗಿನ ಸ್ಕ್ರೂಗಳನ್ನು ಸಡಿಲ ಮಾಡಬಹುದು. ಬೆನ್ನಿಗೇ ಹಾಕಿಕೊಳ್ಳಿ, ಅರ್ಧ ಕುಲುಕಾಟ ಮೈಯೇ ನುಂಗುತ್ತದೆ. ಲೆನ್ಸ್‌ಗಳು ಒಂದಕ್ಕೊಂದು ತಾಗದ ಹಾಗೆ ನಡುವೆ ಸ್ಪಂಜಿನ ಗೋಡೆ ಇರಲಿ.

ಏಸಿ ರೂಮಿನಿಂದ ಬೆಳಿಗ್ಗೆ ಸೀದಾ ಹೊರಗೆ ತಂದರೆ ಗಾಜಿನ ತುಂಬ ಮಂಜು ಕೂರುತ್ತದೆ. ರಾತ್ರಿಯೇ ಕ್ಯಾಮೆರಾ, ಲೆನ್ಸ್ ಎರಡನ್ನೂ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿಡಿ, ಹೊರಗೆ ಬಂದ ಮೇಲೂ ಅರ್ಧ ಮುಕ್ಕಾಲು ಗಂಟೆ ಕವರ್ ಬಿಚ್ಚಬೇಡಿ. ನೀರು ಕವರಿನ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ.

ಪಣಂಬೂರು, ತಣ್ಣೀರುಬಾವಿ ಬೀಚ್ ಕಡೆ ಹೋಗುತ್ತೀರಲ್ವಾ? ಅಲ್ಲಿ ಲೆನ್ಸ್ ಬದಲಾಯಿಸುವ ಆಸೆ ಬಿಡಿ. ಮುಂದೆ ಒಂದು ಫಿಲ್ಟರ್ ಹಾಕಿಕೊಳ್ಳಿ. ವಾಪಸ್ ಬಂದ ಕೂಡಲೇ ಗಾಜನ್ನು ಅಂಗಿಯಿಂದ ಒರೆಸಬೇಡಿ, ಒಂದೇ ಒಂದು ಮರಳಿನ ಕಣ ಸಾಕು ಗೀರು ಬೀಳಲಿಕ್ಕೆ. ಮೊದಲು ರಬ್ಬರ್ ಬ್ಲೋವರಿನಲ್ಲಿ ಊದಿ, ಆಮೇಲೆ ಬ್ರಷ್, ಕಡೆಗೆ ಬಟ್ಟೆ. ಲೆನ್ಸಿನ ಮೈಯನ್ನು ಸಿಹಿನೀರಿನಲ್ಲಿ ಅದ್ದಿ ಗಟ್ಟಿ ಹಿಂಡಿದ ಬಟ್ಟೆಯಿಂದ ಒರೆಸಿ, ಉಪ್ಪು ಹೋಗಬೇಕು.

ಮತ್ತೆ, ಒದ್ದೆ ಲೆನ್ಸನ್ನು ಆ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಬೇಡಿ, ತೇವವೂ ಜೊತೆಗೇ ಒಳಗೆ ಹೋಗುತ್ತದೆ. ಚೆನ್ನಾಗಿ ಒರೆಸಿ, ಒಂದೆರಡು ಗಂಟೆ ಫ್ಯಾನ್ ಕೆಳಗೆ ಇಟ್ಟು ಆಮೇಲೆ ಡಬ್ಬಿಗೆ ಹಾಕಿ. ಮಾರನೇ ದಿನ ಬೆಳಿಗ್ಗೆ ಮೀಟರ್ ನೋಡಿ, 50ರ ಒಳಗೆ ಇಳಿದಿರದಿದ್ದರೆ ಜೆಲ್ ಬದಲಾಯಿಸಿ.