ಗವರ್ನರ್ ಯಾರಾಗಬೇಕು ಅಂತ ನವೆಂಬರ್‌ನಲ್ಲಿ ಯೋಚಿಸಿದರೆ ಸಾಲದಾ?

ಹೋದ ವರ್ಷ ಸಿಟಿಜನ್ ಆದೆ, ಫ್ರೀಮಾಂಟ್‌ನಲ್ಲಿದ್ದೇನೆ, ಕ್ಯಾಲಿಫೋರ್ನಿಯಾ ಗವರ್ನರ್ ಪಟ್ಟಿಯಲ್ಲಿ ಇಷ್ಟೊಂದು ಜನ, ಕೊನೆಗೆ ಇಬ್ಬರೇ ಉಳಿದಾಗ ಒಬ್ಬರನ್ನು ಆರಿಸಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ. ಆಗಲ್ಲ. ಆ ಇಬ್ಬರು ಯಾರು ಅನ್ನೋದು ಜೂನ್‌ನ ಪ್ರೈಮರಿಯಲ್ಲಿ, ಅಂದರೆ ಮೊದಲ ಸುತ್ತಿನ ಮತದಾನದಲ್ಲೇ ತೀರ್ಮಾನ ಆಗಿಬಿಡುತ್ತೆ. 2018ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ, ನಿಮ್ಮ ಊರಲ್ಲೇ ಕೂತು.

ಆಗ ನನಗೆ ಬೇಕಿದ್ದವರು ಜಾನ್ ಚಿಯಾಂಗ್. ಕಾರಣ ಹಳೇದು. 2009ರಲ್ಲಿ ರಾಜ್ಯದ ಬೊಕ್ಕಸ ಬರಿದಾದಾಗ, ತೆರಿಗೆ ರೀಫಂಡ್ ಬರಬೇಕಿದ್ದ ಜನಕ್ಕೆ "ಈಗ ದುಡ್ಡಿಲ್ಲ, ಆಮೇಲೆ ಬಡ್ಡಿ ಸೇರಿಸಿ ಕೊಡ್ತೇವೆ" ಅನ್ನುವ ಚೀಟಿ ಹೋಯಿತು. ಆಫೀಸಿನಲ್ಲಿ ಒಬ್ಬ ಅದನ್ನು ತಂದು ತೋರಿಸಿದ್ದ. ನೋಡೋಕೆ ಥೇಟ್ ಚೆಕ್ಕು. ಅದನ್ನು ಕಳಿಸಿದವರು ಆಗ ರಾಜ್ಯದ ಕಂಟ್ರೋಲರ್, ಅಂದರೆ ಬೊಕ್ಕಸದ ಲೆಕ್ಕ ನೋಡುವ ಅಧಿಕಾರಿ ಆಗಿದ್ದ ಚಿಯಾಂಗ್. ಖಾಲಿ ಪೆಟ್ಟಿಗೆ ಮುಚ್ಚಿಡದೆ ತೋರಿಸಿದ ಮನುಷ್ಯ ಅಂತ ನನಗೆ ಹಿಡಿಸಿತು. 2011ರಲ್ಲಿ ಬಜೆಟ್ ಸರಿದೂಗಿಲ್ಲ ಅಂತ ಶಾಸಕರ ಸಂಬಳವನ್ನೇ ತಡೆಹಿಡಿದರು. (ಆ ಅಧಿಕಾರ ಅವರಿಗಿಲ್ಲ ಅಂತ ಆಮೇಲೆ ಕೋರ್ಟು ಹೇಳಿತು, ಅದು ಬೇರೆ ಮಾತು.) ಭಾರತದಲ್ಲಿ ಯಾರಾದರೂ ಹೀಗೆ ಮಾಡಿದ್ದು ನೋಡಿದ್ದೀರಾ?

ಈಗ ನನ್ನ ತಪ್ಪಿಗೆ ಬರ್ತೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಸಿಟಿಜನ್ ಆದದ್ದು 2016ರ ಶುರುವಿನಲ್ಲಿ. ಹೆಸರು ನೋಂದಾಯಿಸುವಾಗ ಯಾವ ಪಕ್ಷವೂ ಬೇಡ ಅಂತ ಗುರುತು ಹಾಕಿದೆ. ಆ ಜೂನ್‌ನಲ್ಲಿ ಅಂಚೆಯಲ್ಲಿ ಬಂದ ಬ್ಯಾಲೆಟ್ ಬಿಚ್ಚಿದರೆ ಅಧ್ಯಕ್ಷ ಸ್ಥಾನದವರ ಹೆಸರೇ ಇಲ್ಲ! ಹಿಲರಿಯೂ ಇಲ್ಲ, ಸ್ಯಾಂಡರ್ಸೂ ಇಲ್ಲ. ಪಕ್ಷ ಇಲ್ಲದವರು ಡೆಮಾಕ್ರಟಿಕ್ ಬ್ಯಾಲೆಟ್ ಬೇಕು ಅಂತ ಕೇಳಿ ಪಡೆಯಬೇಕಿತ್ತಂತೆ. ರಿಪಬ್ಲಿಕನ್ ಬ್ಯಾಲೆಟ್ ಕೇಳಿದರೂ ಕೊಡುತ್ತಿರಲಿಲ್ಲ. ಅವತ್ತೇ ತಲೆಯಲ್ಲಿ ಕೂತುಬಿಟ್ಟಿತು: ಪ್ರೈಮರಿ ಅಂದರೆ ಪಕ್ಷದವರ ಮನೆಯೊಳಗಿನ ವ್ಯವಹಾರ. ನಮ್ಮಲ್ಲಿ ಹೈಕಮಾಂಡ್ ಬಿ ಫಾರಂ ಕೊಡುತ್ತಲ್ಲ, ಹಾಗೆ. ಟಿಕೆಟ್ಟಿಗೆ ಅವರು ಬಡಿದಾಡಿಕೊಳ್ಳಲಿ, ನಮ್ಮ ಓಟು ಆಮೇಲೆ.

ಅಧ್ಯಕ್ಷರ ಪ್ರೈಮರಿಗೆ ಈ ಲೆಕ್ಕ ಹೆಚ್ಚುಕಮ್ಮಿ ಸರಿ. ಗವರ್ನರ್ ಪ್ರೈಮರಿಗೆ ಪೂರಾ ತಪ್ಪು. ಇಲ್ಲಿನ ಜನ 2010ರಲ್ಲೇ ಪ್ರಾಪ್ 14 ಅನ್ನುವ ಪ್ರಸ್ತಾವವನ್ನು ಓಟು ಹಾಕಿ ಪಾಸು ಮಾಡಿ ಅದನ್ನು ಬದಲಿಸಿದ್ದರು. ಗವರ್ನರ್ ಆಗಬೇಕು ಅನ್ನುವವರೆಲ್ಲ ಒಂದೇ ಹಾಳೆಯಲ್ಲಿ. ಆ ಹಾಳೆ ಎಲ್ಲ ಮತದಾರರಿಗೂ, ಪಕ್ಷ ಇರಲಿ ಬಿಡಲಿ. ಜಾಸ್ತಿ ಓಟು ಬಂದ ಮೊದಲ ಇಬ್ಬರು ನವೆಂಬರ್‌ಗೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಎರಡು ಬೇರೆ ಬೇರೆ ನಿಯಮ, ಹೆಸರು ಮಾತ್ರ ಒಂದೇ. ಒಂದನ್ನು ನೋಡಿ ಇನ್ನೊಂದೂ ಹಾಗೇ ಅಂದುಕೊಂಡೆ.

2018ರ ಲಕೋಟೆಯನ್ನು ಬಿಚ್ಚಲೇ ಇಲ್ಲ. ಫ್ರಿಜ್ ಮೇಲೆ ಕಾಸ್ಟ್‌ಕೋ ಕೂಪನ್ ಪುಸ್ತಕದ ಕೆಳಗೆ ಇತ್ತು. ಇಷ್ಟೇ ಆಗಿದ್ದರೆ ಪರವಾಗಿಲ್ಲ. ಮೇ ತಿಂಗಳಲ್ಲಿ ಲೇಕ್ ಎಲಿಜಬೆತ್ ಹತ್ತಿರ ನಾಲ್ಕೈದು ಮನೆಯವರು ಸೇರಿದ್ದೆವು. ಪುಳಿಯೋಗರೆ ಬಡಿಸುತ್ತಾ ಅರ್ಧ ಗಂಟೆ ಚಿಯಾಂಗ್ ಪುರಾಣ ಹೇಳಿದೆ. ಎಲ್ಲರೂ ಒಪ್ಪಿದರು. ಆಮೇಲೆ ನಾನೇ ಹೇಳಿದೆ, "ಜೂನ್‌ದು ಪಕ್ಷದವರಿಗೆ, ನಮಗಲ್ಲ. ನವೆಂಬರ್‌ನಲ್ಲಿ ಹಾಕೋಣ." ಅವರೂ ಹಾಕಲಿಲ್ಲ.

ಆ ಜೂನ್ 5ರಂದು 27 ಜನ ಕಣದಲ್ಲಿದ್ದರು. ಡೆಮಾಕ್ರಟ್ ಗ್ಯಾವಿನ್ ನ್ಯೂಸಮ್ ಮೊದಲು, ರಿಪಬ್ಲಿಕನ್ ಜಾನ್ ಕಾಕ್ಸ್ ಎರಡನೇದು. ಚಿಯಾಂಗ್‌ಗೆ ಶೇ. 10 ಕೂಡ ಬರಲಿಲ್ಲ. ನಮ್ಮ ಹತ್ತು ಓಟಿಂದ ಏನೂ ಆಗುತ್ತಿರಲಿಲ್ಲ ಅಂತ ನನ್ನ ಹೆಂಡತಿ ಇವತ್ತಿಗೂ ಹೇಳ್ತಾಳೆ. ನಿಜ. ಆದರೆ ನವೆಂಬರ್‌ನಲ್ಲಿ ಊಟದ ಮೇಜಿನ ಮೇಲೆ ಬ್ಯಾಲೆಟ್ ಹರಡಿಕೊಂಡು, ಅವರ ಹೆಸರನ್ನು ನಾನೇ ಬರೆಯೋಣ ಅಂತ ಖಾಲಿ ಗೆರೆ ಹುಡುಕಿದೆ ನೋಡಿ. ಇರಲಿಲ್ಲ. ಜೂನ್‌ನಲ್ಲಿ ಹೆಸರು ಬರೆಯೋಕೆ ಅವಕಾಶ ಇರುತ್ತೆ, ನವೆಂಬರ್‌ನಲ್ಲಿ ಆ ಗೆರೆಯೂ ಇಲ್ಲ. ಅದೇ ವಾರ ಅಪ್ಪ ಮೈಸೂರಿಂದ ಫೋನ್ ಮಾಡಿದ್ದರು. "ರಾಜ್ಯಪಾಲರಿಗೂ ಓಟು ಹಾಕ್ತಾರೇನೋ?" ಅಂತ ಒಂದೇ ನಗು. ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ ಅಂತ ವಿವರಿಸಿದೆ. ಓಟು ತಪ್ಪಿಸಿಕೊಂಡಿದ್ದು ಮಾತ್ರ ಹೇಳಲಿಲ್ಲ.

ಹಾಗಾಗಿ ಇಬ್ಬರೇ ಉಳಿದ ಮೇಲೆ ಅನ್ನುವ ನಿಮ್ಮ ಲೆಕ್ಕ ಬಿಡಿ. ಆ ಇಬ್ಬರನ್ನು ಬೇರೆಯವರು ಆರಿಸಿರುತ್ತಾರೆ. ಪಟ್ಟಿ ಉದ್ದ ಇದ್ದಷ್ಟೂ ಅಪಾಯ ಜಾಸ್ತಿ. 2012ರಲ್ಲಿ ಸ್ಯಾನ್ ಬರ್ನಾರ್ಡಿನೋ ಕಡೆಯ ಒಂದು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ನಾಲ್ವರು ಡೆಮಾಕ್ರಟರು ಓಟು ಹಂಚಿಕೊಂಡರು. ಡೆಮಾಕ್ರಟರ ಕಡೆ ವಾಲುವ ಕ್ಷೇತ್ರ ಅದು, ಆದರೂ ನವೆಂಬರ್‌ಗೆ ಉಳಿದವರು ಇಬ್ಬರೂ ರಿಪಬ್ಲಿಕನ್ನರು. ನೀವು ಯಾವ ಕಡೆಯವರಾದರೂ ಇದು ನೆನಪಿರಲಿ. ಈ ಸಲ, 2026ರಲ್ಲಿ, ಪ್ರೈಮರಿ ಜೂನ್ 2ಕ್ಕೆ. ನ್ಯೂಸಮ್‌ಗೆ ಇದು ಎರಡನೇ ಅವಧಿ, ಮತ್ತೆ ನಿಲ್ಲುವಂತಿಲ್ಲ, ಕುರ್ಚಿ ಖಾಲಿಯಾಗುತ್ತೆ. ಅದಕ್ಕೇ ಈ ಜಾತ್ರೆ.

ಯಾರಿಗೆ ಅಂತ ನಾನು ಹೇಳಲ್ಲ. ಭಾಷಣ ಕೇಳಬೇಡಿ, ಹಿಂದಿನ ಕುರ್ಚಿಯಲ್ಲಿ ಏನು ಮಾಡಿದರು ನೋಡಿ. ಭಾರತ ಮೂಲದವರು ಅನ್ನುವ ಒಂದೇ ಕಾರಣಕ್ಕಂತೂ ಹಾಕಬೇಡಿ. 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸುವ ಮಸೂದೆ ಬಂದಾಗ ನಮ್ಮ ವಾಟ್ಸಾಪ್ ಗುಂಪು ಎರಡು ಹೋಳಾಯಿತು. ಎರಡೂ ಸದನ ದಾಟಿದ್ದನ್ನು ನ್ಯೂಸಮ್ ಒಂದು ವೀಟೋದಲ್ಲಿ ನಿಲ್ಲಿಸಿದರು. ಒಂದು ಹೋಳು ಕುಣಿಯಿತು, ಇನ್ನೊಂದು ಬೈಯಿತು. ಇಂಥ ಪೆನ್ನನ್ನು ಯಾರ ಕೈಗೆ ಕೊಡಬಹುದು ಅಂತ ಯೋಚಿಸಿ.

ರಾಜ್ಯ ಕಳಿಸುವ ಮಾಹಿತಿ ಪುಸ್ತಕದಲ್ಲಿ ಕೆಲವರ ಹೇಳಿಕೆ ಕಾಣದಿದ್ದರೆ ಗಾಬರಿಯಾಗಬೇಡಿ. ಪ್ರಚಾರದ ಖರ್ಚಿನ ಮಿತಿ ಒಪ್ಪಿದವರು ಮಾತ್ರ ಅಲ್ಲಿ ಜಾಗ ಕೊಳ್ಳಬಹುದು.

ಬ್ಯಾಲೆಟ್ ಮನೆಗೇ ಬರುತ್ತೆ, ಬಂದ ದಿನವೇ ಬಿಚ್ಚಿ. ಲಕೋಟೆಯ ಮೇಲೆ ಸಹಿ ಹಾಕೋದು ಮರೀಬೇಡಿ, ಅವರ ಹತ್ತಿರ ಇರುವ ನಿಮ್ಮ ಹಳೇ ಸಹಿಗೆ ಹೋಲಿಸಿ ನೋಡ್ತಾರೆ. ಡ್ರೈವಿಂಗ್ ಲೈಸೆನ್ಸ್‌ಗೆ ಕನ್ನಡದಲ್ಲಿ ಸಹಿ ಹಾಕಿದ್ದರೆ ಇಲ್ಲೂ ಕನ್ನಡದಲ್ಲೇ ಹಾಕಿ.